ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ: ಹಳೆಯ ಡೀಸೆಲ್ ಪಿಕಪ್‌ನಲ್ಲಿ ಮೊದಲು ಏನು ನೋಡಬೇಕು?

ನಿಮ್ಮದು ಹಳೆಯ ಡೀಸೆಲ್ ಪಿಕಪ್, ಕಾಮನ್ ರೇಲ್ (ಕಂಪ್ಯೂಟರ್ ನಿಯಂತ್ರಿಸುವ, ತುಂಬಾ ಜಾಸ್ತಿ ಒತ್ತಡದ ಹೊಸ ಬಗೆ) ಅಲ್ಲ, ಮಾಮೂಲಿ ಪಂಪಿನದು. ಕೆಲವು ದಿನ ನಿಲ್ಲಿಸಿ ತೆಗೆದಾಗ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೊಸದು ಹಾಕಿದ್ದೀರಿ, ಇಂಜಿನ್ ಜೋರಾಗಿಯೇ ತಿರುಗುತ್ತಿದೆ. ಈಗ ಯಾರೋ ಇಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಡೀಸೆಲ್ ಪಂಪ್ ಬಿಚ್ಚಿಸಿ ಅಂದಿದ್ದಾರೆ. ದಯವಿಟ್ಟು ಇಷ್ಟು ಬೇಗ ಬಿಚ್ಚಿಸಬೇಡಿ. ಪಂಪ್ ಮೇಲೆ ಅನುಮಾನ ಪಡುವುದು ಕೊನೆಯ ಕೆಲಸ.

ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಸಿ. ನೀವು ಹಿಂದೆ ನಿಂತು ಸೈಲೆನ್ಸರ್ ಬಾಯಿ ನೋಡಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು, ಆಮೇಲೆ ಒಂದು ನಿಮಿಷ ಬಿಡಿ. ಸುಮ್ನೆ ಹೊಡೆಯುತ್ತಲೇ ಇದ್ದರೆ ಸ್ಟಾರ್ಟರ್ ಮೋಟಾರೂ ಸುಟ್ಟುಹೋಗುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಅನ್ನುವುದೇ ಇಲ್ಲ ಅಲ್ವಾ? ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಹೊಗೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ.

ನಿಮ್ಮದು ಎರಡನೆಯದು ಅಂತ ನನ್ನ ಅಂದಾಜು. ನಿಲ್ಲಿಸಿದ ಹಳೆಯ ಗಾಡಿಗೆ ಬರುವ ಮಾಮೂಲಿ ಕಾಯಿಲೆ ಏರ್ ಹಿಡಿಯುವುದು, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುವುದು.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಪಂಪಿನ ಮೇಲೆ ಒಂದೇ ವೈರ್ ಹೋಗಿರುವ ಸೊಲೆನಾಯ್ಡ್ ಇರುತ್ತದೆ, ಕೀ ಆನ್ ಮಾಡಿದಾಗ ಡೀಸೆಲ್ ದಾರಿ ತೆರೆಯುವ ವಿದ್ಯುತ್ ವಾಲ್ವ್ ಅದು. ಕೀ ಆನ್ ಮಾಡಿ ಆ ವೈರನ್ನು ತೆಗೆದು ಮತ್ತೆ ತಾಗಿಸಿ. ಟಿಕ್ ಅಂತ ಸದ್ದು ಬರಬೇಕು. ಬರದಿದ್ದರೆ ವೈರಿನಲ್ಲಿ 12 ವೋಲ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಫ್ಯೂಸು, ವೈರು ಅಥವಾ ಕೀ ಸ್ವಿಚ್ಚು. ಇದ್ದರೆ ಸೊಲೆನಾಯ್ಡೇ ಹೋಗಿದೆ. ಕೆಲವು ಇಂಜಿನ್‌ಗಳಲ್ಲಿ ಇದರ ಬದಲು, ಇಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಇರುತ್ತದೆ. ಅದು ಎಳೆದ ಜಾಗದಲ್ಲೇ ಸಿಕ್ಕಿಕೊಂಡಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಅಷ್ಟೇ.

ಈಗ ಏರ್ ವಿಷಯ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಹೀರಿಕೊಂಡು ಬರುವ ಗಾಡಿಗಳಲ್ಲಿ, ದಾರಿಯಲ್ಲಿ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ಸೋರಲೇಬೇಕು ಅಂತಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಿರುವ ಸ್ಟ್ರಾದಲ್ಲಿ ಹೀರಿದ ಹಾಗೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಗಾಡಿ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಇಳಿದುಹೋಗುತ್ತದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್, ಫಿಲ್ಟರಿನ ಸೀಲು, ಬೋಲ್ಟುಗಳ ತಾಮ್ರದ ವಾಷರ್, ಕ್ಲಿಪ್ ಹಾಕಿದ ಜಾಗ, ಇವನ್ನೆಲ್ಲ ಕೈಯಾಡಿಸಿ ನೋಡಿ. ಫಿಲ್ಟರಿನ ಕೆಳಗೆ ನೀರು ನಿಂತಿದ್ದರೆ ಅದನ್ನೂ ಹರಿಸಿ.

ಆಮೇಲೆ ಕ್ಯಾನ್ ಪರೀಕ್ಷೆ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೇ. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಪಂಪಿಗಿಂತ ಎತ್ತರದಲ್ಲಿ ಕಟ್ಟಿ. ಅದರಿಂದ ಒಂದು ಪಾರದರ್ಶಕ ಪೈಪನ್ನು ನೇರ ಪಂಪಿನ ಒಳಬಾಯಿಗೆ ಕೊಡಿ, ಫಿಲ್ಟರನ್ನೂ ಬಿಟ್ಟುಬಿಡಿ. ಏರ್ ತೆಗೆದು (ಹೇಗೆ ಅಂತ ಮುಂದೆ ಹೇಳಿದ್ದೇನೆ) ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆಯಿತಾ? ಪಂಪು, ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ), ಇಂಜಿನ್ ಎಲ್ಲ ಚೆನ್ನಾಗಿವೆ. ತೊಂದರೆ ಇರುವುದು ಟ್ಯಾಂಕ್ ಮತ್ತು ಪಂಪಿನ ನಡುವೆ: ಕಟ್ಟಿಕೊಂಡ ಜಾಲರಿ, ಫಿಲ್ಟರ್ ಅಥವಾ ಗಾಳಿ ಎಳೆಯುವ ಪೈಪ್.

ಏರ್ ತೆಗೆಯುವಾಗ ಹುಷಾರು. ಮಾಮೂಲಿಯಾಗಿ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ ಬಿಗಿ ಮಾಡುವುದು. ಅಷ್ಟಕ್ಕೂ ಆಗದಿದ್ದರೆ ನಾಜಲ್ ಹತ್ತಿರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಬಂದ ಮೇಲೆ ಬಿಗಿಯಿರಿ. ಕೈ, ಮುಖ ದೂರ ಇರಲಿ, ಕನ್ನಡಕ ಹಾಕಿಕೊಳ್ಳಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೋದರೆ ನೋವಿಲ್ಲ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೇಲ್ ಗಾಡಿಯಲ್ಲಂತೂ ಈ ನಟ್ಟುಗಳನ್ನು ಮುಟ್ಟಲೇಬಾರದು.

ಬಿಳಿ ಹೊಗೆ ಬರುತ್ತಿದ್ದರೆ, ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ. ಮೇಲಿನ ಪಟ್ಟಿ ತೆಗೆದು ಒಂದೊಂದನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ಒಳ್ಳೆಯ ಪ್ಲಗ್ 1 ಓಮ್ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಅದು ಹೋಗಿದೆ. ಪ್ಲಗ್ ಸರಿಯಿದ್ದೂ ಕರೆಂಟ್ ಬರದಿದ್ದರೆ ರಿಲೇ ನೋಡಿ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ, ಬಿಸಿ ಪ್ಲಗ್ ತಾಗಿ ಸಿಡಿಯಬಹುದು.

ಇನ್ನೊಂದು. ಮೊದಲಿಗಿಂತ ಹಗುರವಾಗಿ, ತಡೆಯೇ ಇಲ್ಲದ ಹಾಗೆ ಗಿರ್ರನೆ ತಿರುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು, ಇನ್ನೂ ತಿರುಗಿಸಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ.

ಸೊಲೆನಾಯ್ಡ್ ಟಿಕ್ ಅನ್ನುತ್ತದೆ, ಬೆಲ್ಟ್ ಸರಿಯಿದೆ, ಕ್ಯಾನಿನಿಂದ ಡೀಸೆಲ್ ಕೊಟ್ಟು ಏರ್ ತೆಗೆದರೂ ನಾಜಲ್ ನಟ್ಟಿನಲ್ಲಿ ಒಂದು ಹನಿ ಬರುವುದಿಲ್ಲ ಅಂದರೆ, ಆಗ ಪಂಪ್ ಬಿಚ್ಚಿಸಿ.