ಬಾರ್ಕ್ ಸಂದರ್ಶನಕ್ಕೆ ನ್ಯೂಕ್ಲಿಯರ್ ಎಂ.ಟೆಕ್ ಬೇಕಾ?

ಮೆಕ್ಯಾನಿಕಲ್ ಬಿ.ಇ. ಮಾಡಿ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತರಬೇತಿ ಶಾಲೆಯ ಸಂದರ್ಶನದಲ್ಲಿ ಆಯ್ಕೆಯಾಗಲಿಲ್ಲ, ಈಗ ನ್ಯೂಕ್ಲಿಯರ್ ಎಂ.ಟೆಕ್ ಮಾಡಬೇಕಾ ಎಂದು ಕೇಳಿದ್ದೀರಿ. ಆಯ್ಕೆಯಾಗದಿದ್ದುದಕ್ಕೆ ನ್ಯೂಕ್ಲಿಯರ್ ಓದದಿರುವುದು ಕಾರಣ ಅಲ್ಲ ಅನಿಸುತ್ತದೆ. ಬಹುಶಃ ನಿಮ್ಮದೇ ವಿಷಯದ ಬುನಾದಿ ಸಡಿಲ ಇತ್ತು. ರಿಯಾಕ್ಟರ್ ಪಾಠವನ್ನು ಆಯ್ಕೆಯಾದ ಮೇಲೆ ಅವರೇ ಒಂದು ವರ್ಷ ಕಲಿಸುತ್ತಾರೆ. ನನ್ನ ಸಂದರ್ಶನದಲ್ಲಿ ನನ್ನಿಂದ ಮೊದಲು ಬೋರ್ಡ್ ಮೇಲೆ ರ‍್ಯಾಂಕಿನ್ ಸೈಕಲ್ (ಉಗಿ ಸ್ಥಾವರ ಶಾಖದಿಂದ ಕೆಲಸ ಪಡೆಯುವ ಚಕ್ರ) ಬರೆಸಿದರು. ಆಮೇಲೆ, ಕೈಗಾದಂಥ ಅಣುಸ್ಥಾವರದಲ್ಲಿ ಸುಮಾರು 250 ಡಿಗ್ರಿಯ ಸ್ಯಾಚುರೇಟೆಡ್ ಉಗಿ (ಸ್ವಲ್ಪ ತಣಿದರೂ ನೀರಾಗತೊಡಗುವ ಉಗಿ) ಬಳಸುತ್ತಾರೆ, ಟರ್ಬೈನಿನ ಕೊನೆಯ ಬ್ಲೇಡುಗಳಿಗೆ ಏನಾಗುತ್ತದೆ ಎಂದು ಕೇಳಿದರು. ನೀರಿನ ಹನಿ ಬಡಿದು ಸವೆಯುತ್ತವೆ. ಅದಕ್ಕೇ ನಡುವೆ ತೇವ ಬೇರ್ಪಡಿಸಿ ಉಗಿಯನ್ನು ಮತ್ತೆ ಕಾಯಿಸುತ್ತಾರೆ. ಪೂರ್ತಿ ಥರ್ಮೋಡೈನಮಿಕ್ಸ್, ಅಲ್ವಾ?

ಮೊದಲು ಥರ್ಮೋ, ಹೀಟ್ ಟ್ರಾನ್ಸ್‌ಫರ್ ಜೊತೆ ಇನ್ನೊಂದು ವಿಷಯ ಆರಿಸಿಕೊಳ್ಳಿ. ಪುಸ್ತಕ ಮುಚ್ಚಿ, ಹಾಳೆಯಲ್ಲಿ ಬರೆಯುತ್ತಾ ಬಾಯಿಬಿಟ್ಟು ವಿವರಿಸಿ. ನಂತರ ಗೇಟ್ (ಎಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಪರೀಕ್ಷೆ) ಬರೆಯಿರಿ. ಅಣುವಿದ್ಯುತ್ ಸ್ಥಾವರ ನಡೆಸುವ ಸರ್ಕಾರಿ ಕಂಪನಿಯಾದ ಎನ್‌ಪಿಸಿಐಎಲ್ ಎಕ್ಸಿಕ್ಯೂಟಿವ್ ಟ್ರೈನಿ ಹುದ್ದೆಗೂ ಆ ಅಂಕ ಬೇಕು. ವಯೋಮಿತಿ ಮರೆಯಬೇಡಿ, ಬಾರ್ಕ್‌ಗೆ ಸಾಮಾನ್ಯ ವರ್ಗದವರಿಗೆ 26 ವರ್ಷ.

ಸಂಶೋಧನೆ ಇಷ್ಟವಿದ್ದರೆ ಐಐಟಿ ಕಾನ್ಪುರದ ನ್ಯೂಕ್ಲಿಯರ್ ಎಂ.ಟೆಕ್ ಒಳ್ಳೆಯದು. ಬರೀ ಸಂದರ್ಶನಕ್ಕಾಗಿ ಸುಮ್ನೆ ಎರಡು ವರ್ಷ ಕಳೆಯಬೇಡಿ. ಬಾರ್ಕ್ ಅರ್ಜಿಯ ಜೊತೆಗೇ ಐಐಟಿಗೂ ಅರ್ಜಿ ಹಾಕಿ. ಎರಡೂ ಕಡೆ ಸಿಕ್ಕರೆ ಅಣುಶಕ್ತಿ ಇಲಾಖೆಯ ಡಿಜಿಎಫ್‌ಎಸ್ ಫೆಲೋಶಿಪ್‌ನಲ್ಲಿ ಎಂ.ಟೆಕ್ ಓದುವ ದಾರಿಯೂ ಇದೆ.