ಹಳೇ ವಿಎಂ ಟೆಂಪ್ಲೇಟ್, ಒಂದೇ ಐಪಿ: ಸಾಗರದವರ ಪ್ರಶ್ನೆಗೆ

ಸಾಗರದ ಸರ್ ಕೇಳಿದ್ದು ಎರಡು. ಕಾಲೇಜು ಲ್ಯಾಬ್‌ನ ಪ್ರಾಕ್ಸ್‌ಮಾಕ್ಸ್‌ನಲ್ಲಿ (ಒಂದೇ ಸರ್ವರ್‌ನಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್, ಓಡಿಸುವ ಸಾಫ್ಟ್‌ವೇರ್) ಉಬುಂಟು 22.04ರ ಹಳೇ ಟೆಂಪ್ಲೇಟ್ ಇದೆ, ಅಂದರೆ ಹೊಸ ವಿಎಂ ನಕಲು ತೆಗೆಯುವ ಅಚ್ಚು. ಅದರಿಂದ ಹೊಸ ವಿಎಂ ಮಾಡಿದರೆ ಅಪ್‌ಡೇಟ್ ಮುಗಿಯುವಷ್ಟರಲ್ಲಿ ಕ್ಲಾಸೇ ಮುಗಿಯುತ್ತದೆ. ಜೊತೆಗೆ ಎರಡು ವಿಎಂಗೆ ಒಂದೇ ಐಪಿ (ನೆಟ್‌ವರ್ಕ್ ವಿಳಾಸ) ಬರುತ್ತಿದೆ.

ಐಪಿ ಸಮಸ್ಯೆಗೆ ರೂಟರ್ ಬದಲಿಸಬೇಡಿ. ಉಬುಂಟು ಸರ್ವರ್, ಐಪಿ ಹಂಚುವ ಡಿಎಚ್‌ಸಿಪಿಗೆ ತನ್ನ ಗುರುತು ಹೇಳುವುದು ಮೆಷಿನ್ ಐಡಿ (ಆ ಸಿಸ್ಟಮ್‌ನ ಗುರುತು ಸಂಖ್ಯೆ) ಆಧಾರದ ಮೇಲೆ. ಟೆಂಪ್ಲೇಟ್‌ನಲ್ಲಿ ಆ ಐಡಿ ಉಳಿದುಬಿಟ್ಟರೆ ಅದರ ಎಲ್ಲ ಕ್ಲೋನ್‌ಗೂ (ನಕಲಿಗೂ) ಅದೇ ಐಡಿ. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬೇರೆ ಇದ್ದರೂ ಐಪಿ ಒಂದೇ ಸಿಗಬಹುದು. ಇಟಿಸಿ ಫೋಲ್ಡರಿನ ಮೆಷಿನ್ ಐಡಿ ಫೈಲನ್ನು (/etc/machine-id) ಅಳಿಸಬೇಡಿ, ಒಳಗಿನದನ್ನು ಮಾತ್ರ ಖಾಲಿ ಮಾಡಿ. ಮುಂದಿನ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಇದನ್ನು ಟೆಂಪ್ಲೇಟ್ ತಯಾರಿಯ ಕೊನೇ ಕೆಲಸವಾಗಿ ಇಟ್ಟುಕೊಳ್ಳಿ. ನಡುವೆ ಎಲ್ಲಾದರೂ ಬೂಟ್ ಮಾಡಿದರೆ ಐಡಿ ಮತ್ತೆ ತುಂಬಿಕೊಳ್ಳುತ್ತದೆ.

ಇನ್ನು ಅಪ್‌ಡೇಟ್. ಜಾಸ್ತಿ ಜನ ಟೆಂಪ್ಲೇಟನ್ನು ಕ್ಲೋನ್ ಮಾಡಿ, ಅಪ್‌ಗ್ರೇಡ್ ಓಡಿಸಿ, ಅದನ್ನೇ ಮತ್ತೆ ಟೆಂಪ್ಲೇಟ್ ಮಾಡುತ್ತಾರೆ. ನನಗೆ ಇದು ಇಷ್ಟವಿಲ್ಲ. ಹಳೇ ಕರ್ನಲ್, ಲಾಗ್, ಯಾರದ್ದೋ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವ ಕೀಲಿ) ಎಲ್ಲ ಪೇರಿಸಿಕೊಂಡು ಹೋಗುತ್ತವೆ. ಒಳಗೇನಿದೆ ಅಂತ ಕೊನೆಗೆ ಯಾರಿಗೂ ಗೊತ್ತಿರುವುದಿಲ್ಲ. ಅದರ ಬದಲು ತಿಂಗಳಿಗೊಮ್ಮೆ ಉಬುಂಟುವಿನದೇ ಹೊಸ ಕ್ಲೌಡ್ ಇಮೇಜ್ (ಮೊದಲೇ ಇನ್‌ಸ್ಟಾಲ್ ಆಗಿರುವ ಡಿಸ್ಕ್ ಫೈಲ್) ಇಳಿಸಿ. ಇಮೇಜನ್ನು ಬೂಟ್ ಮಾಡದೆಯೇ ತಿದ್ದುವ ವರ್ಚ್ ಕಸ್ಟಮೈಜ್‌ನಿಂದ (virt-customize) ಕ್ಯೂಇಎಂಯು ಗೆಸ್ಟ್ ಏಜೆಂಟ್ (ವಿಎಂ ಒಳಗಿನ ಸ್ಥಿತಿಯನ್ನು ಪ್ರಾಕ್ಸ್‌ಮಾಕ್ಸ್‌ಗೆ ತಿಳಿಸುವ ಪ್ರೋಗ್ರಾಂ), ಲ್ಯಾಬ್‌ಗೆ ಬೇಕಾದ ಪ್ಯಾಕೇಜು ಸೇರಿಸಿ, ಅಪ್‌ಡೇಟ್ ಮಾಡಿ, ಐಡಿ ಖಾಲಿ ಮಾಡಿ. ಹೆಸರಿನಲ್ಲಿ ತಿಂಗಳು, ವರ್ಷ ಇರಲಿ. ಇಷ್ಟನ್ನೂ ಒಂದು ಸ್ಕ್ರಿಪ್ಟ್ ಮಾಡಿಕೊಂಡರೆ ಜೋಪಾನ ಮಾಡಬೇಕಾದ್ದು ಆ ಸ್ಕ್ರಿಪ್ಟ್ ಒಂದೇ.

ಇಷ್ಟೆಲ್ಲ ಯಾಕೆ ಅಂತೀರಾ? 2024ರ ಜುಲೈನಲ್ಲಿ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್ ಎಸ್‌ಎಸ್‌ಎಚ್‌ನಲ್ಲಿ ರಿಗ್ರೆಷನ್ (regreSSHion) ಅನ್ನುವ ದೊಡ್ಡ ಭದ್ರತಾ ತೂತು ಹೊರಬಿತ್ತು, 22.04ಕ್ಕೂ ತಟ್ಟಿತ್ತು. ಓಡುವ ವಿಎಂಗಳಿಗೆಲ್ಲ ತೇಪೆ ಹಾಕಿದ್ದರೂ, ಅದಕ್ಕಿಂತ ಹಳೇ ಟೆಂಪ್ಲೇಟಿನಿಂದ ಹುಟ್ಟುವ ವಿಎಂ ಆ ತೂತಿನ ಜೊತೆಗೇ ಏಳುತ್ತದೆ. ಹಾಗೆಯೇ ಟೆಂಪ್ಲೇಟ್ ಹೊಸದಾದರೆ ಈಗಾಗಲೇ ಓಡುತ್ತಿರುವ ವಿಎಂ ತಾನಾಗೇ ಸರಿಹೋಗುವುದಿಲ್ಲ. ಸಸಿಮಡಿಗೆ ಔಷಧಿ ಹೊಡೆದರೆ ಆಗಲೇ ನಾಟಿಯಾದ ಗದ್ದೆಗೆ ತಾಗುತ್ತದಾ? ಓಡುವ ವಿಎಂಗಳಿಗೆ ಅನ್‌ಅಟೆಂಡೆಡ್ ಅಪ್‌ಗ್ರೇಡ್ (ತಾನಾಗೇ ಅಪ್‌ಡೇಟ್ ಹಾಕುವ ವ್ಯವಸ್ಥೆ) ಬೇರೆಯೇ ಆನ್ ಇರಬೇಕು.

ಮಳೆಗಾಲದಲ್ಲಿ ನೆಟ್ ಅರ್ಧಕ್ಕೆ ಕೈಕೊಡುವುದು ನಮ್ಮ ಕಡೆ ಮಾಮೂಲಿ ಅಲ್ವಾ, ಹಾಗಾಗಿ ಇಮೇಜಿನ ಚೆಕ್‌ಸಮ್ (ಫೈಲ್ ಪೂರ್ತಿ ಸರಿಯಾಗಿ ಇಳಿದಿದೆಯೇ ಎಂದು ತೋರಿಸುವ ಸಂಖ್ಯೆ) ತಾಳೆ ನೋಡದೆ ಮುಂದೆ ಹೋಗಬೇಡಿ. ಒಂದು ಸಣ್ಣ ವಿಎಂನಲ್ಲಿ ಆಪ್ಟ್ ಕ್ಯಾಷರ್ ಎನ್‌ಜಿ (apt-cacher-ng) ಹಾಕಿ, ಲ್ಯಾಬ್‌ನ ವಿಎಂಗಳು ಅದರ ಮೂಲಕವೇ ಪ್ಯಾಕೇಜು ಇಳಿಸಲಿ. ಒಮ್ಮೆ ಇಳಿದ ಪ್ಯಾಕೇಜು ಇಡೀ ಲ್ಯಾಬ್‌ಗೆ ಅಲ್ಲಿಂದಲೇ ಸಿಗುತ್ತದೆ. ಕ್ಲಾಸ್ ಟೈಮ್ ಉಳಿಸುವುದು ಇದೇ.

ಹೇಗೂ ಹೊಸದು ಮಾಡುತ್ತೀರಿ, 24.04ನ್ನೇ ಹಿಡಿಯಿರಿ. 22.04ರ ಮಾಮೂಲಿ ಬೆಂಬಲ 2027ಕ್ಕೆ ಮುಗಿಯುತ್ತದೆ, 24.04ರದ್ದು 2029ರವರೆಗೆ ಇದೆ. ಹೊಸದರಿಂದ ಒಂದು ವಿಎಂ ಎಬ್ಬಿಸಿ ಐಪಿ, ಲಾಗಿನ್ ನೋಡಿದ ಮೇಲೆ ಬಳಕೆಗೆ ಬಿಡಿ. ಹಳೇದನ್ನು ಸದ್ಯ ಅಳಿಸಬೇಡಿ. ನಿಮ್ಮ ವಿಎಂಗಳು ಲಿಂಕ್ಡ್ ಕ್ಲೋನ್ (ಪೂರ್ತಿ ನಕಲಾಗದೆ ಟೆಂಪ್ಲೇಟನ್ನೇ ಆಧರಿಸಿದ ವಿಎಂ) ಆಗಿದ್ದರೆ ಅವು ನಿಂತಿರುವುದೇ ಹಳೇ ಟೆಂಪ್ಲೇಟಿನ ಡಿಸ್ಕ್ ಮೇಲೆ. ಲಿಂಕ್ಡ್ ಇದೆಯೋ ಫುಲ್ ಇದೆಯೋ ನೋಡಿ ಇಲ್ಲೇ ತಿಳಿಸಿ.