ನೊಣ ಹೊಡೆಯುವ ಮೊದಲು ಅದು ಹುಟ್ಟುವ ಜಾಗ ಹುಡುಕಿ

ಈ ಸಲ ಬಂದ ಪತ್ರಗಳಲ್ಲಿ ನೊಣದ ಕಾಟದ್ದೇ ಜಾಸ್ತಿ. ಮಾವು, ಹಲಸು ಮುಗಿಯುವ ಹೊತ್ತಿಗೆ ಮಳೆ ಹಿಡಿದರೆ ಹೀಗಾಗುತ್ತದೆ. ಎಲ್ಲರೂ ಕೇಳಿರುವುದು ಒಂದೇ, ಔಷಧಿ ಹೊಡೆಯದೆ ಏನು ಮಾಡಬಹುದು ಅಂತ. ಆದರೆ ಒಬ್ಬೊಬ್ಬರ ಮನೆ ಒಂದೊಂದು ಥರ, ನೊಣವೂ ಒಂದೇ ಜಾತಿಯದಲ್ಲ. ಹಾಗಾಗಿ ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಗೆ ತಾಗಿಕೊಂಡೇ ಕೊಟ್ಟಿಗೆ ಇದೆ, ದನ ಇವೆ. ಮನೆಯಲ್ಲಿ ಪುಟ್ಟ ಮಗು ಇರುವುದರಿಂದ ಔಷಧಿ ಹೊಡೆಯಲು ಮನಸ್ಸಿಲ್ಲ. ದಿನವಿಡೀ ಬ್ಯಾಟ್ ಹಿಡಿದು ಹೊಡೆದರೂ ಮರುದಿನ ಅಷ್ಟೇ ನೊಣ. ಏನು ಮಾಡಲಿ?

ಉತ್ತರ: ಔಷಧಿ ಬೇಡ ಅಂದುಕೊಂಡಿದ್ದು ಒಳ್ಳೆಯದಾಯಿತು. ಮಗುವಿಗೆ ಒಳ್ಳೆಯದಲ್ಲ ಅನ್ನುವುದು ಒಂದು, ನೊಣ ಬಹಳ ಬೇಗ ಔಷಧಿಗೆ ಒಗ್ಗಿಕೊಳ್ಳುತ್ತದೆ ಅನ್ನುವುದು ಇನ್ನೊಂದು. ಡಿಡಿಟಿ ಬಳಕೆಗೆ ಬಂದು ಕೆಲವೇ ವರ್ಷಗಳಲ್ಲಿ, 1946ರ ಹೊತ್ತಿಗೇ, ಸ್ವೀಡನ್ನಿನಲ್ಲಿ ಅದಕ್ಕೆ ಜಗ್ಗದ ನೊಣಗಳು ಕಾಣಿಸಿಕೊಂಡಿದ್ದವು.

ನೀವು ಹೊಡೆಯುತ್ತಿರುವುದು ಹಾರಾಡುವ ನೊಣಗಳನ್ನು ಮಾತ್ರ. ಹುಟ್ಟುವವು ಹುಟ್ಟುತ್ತಲೇ ಇವೆ. ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಅದೂ ನಾಲ್ಕೈದು ಸಲ. ಒಂದು ದಿನದೊಳಗೆ ಮೊಟ್ಟೆ ಒಡೆದು ಬಿಳಿ ಹುಳ ಹೊರಬರುತ್ತದೆ, ಹಸಿ ಸಗಣಿಯಲ್ಲೋ ಕೊಳೆತ ಹಲಸಿನಲ್ಲೋ ನಾಲ್ಕೈದು ದಿನ ತಿಂದು ಬಲಿತು, ಪಕ್ಕದ ಒಣ ಮಣ್ಣಿಗೆ ಸರಿದು ಕಂದು ಬಣ್ಣದ ಗೂಡಾಗಿ ಕೂರುತ್ತದೆ, ಸೆಖೆ ಇದ್ದರೆ ಮೊಟ್ಟೆಯಿಂದ ಹಿಡಿದು ಏಳರಿಂದ ಹತ್ತು ದಿನಕ್ಕೆ ಹೊಸ ನೊಣ ಹಾರುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಇರುವುದು ಒಂದು ವಾರ. ಅಷ್ಟರೊಳಗೆ ಹುಳ ಇರುವ ಜಾಗವನ್ನು ಕೆಡಿಸಿಬಿಟ್ಟರೆ ಮುಂದಿನ ತಂಡವೇ ಬರುವುದಿಲ್ಲ.

ಹಾಗಾಗಿ ಬ್ಯಾಟಿಗಿಂತ ಮೊದಲು ಸಲಿಕೆ ಹಿಡಿಯಿರಿ. ಸಗಣಿಯನ್ನು ದಿನಾ ಬೆಳಗ್ಗೆ ಎತ್ತಿ, ಕೊಟ್ಟಿಗೆಯ ಮೂಲೆಯಲ್ಲಿ, ಗೊಂತಿನ ಬುಡದಲ್ಲಿ, ಗಂಜಲ ಹರಿಯುವ ಕಾಲುವೆಯಲ್ಲಿ ಉಳಿದ ಹಸಿ ಕಸವನ್ನೂ ಕೆರೆದು ತೆಗೆಯಿರಿ. ಹುಳ ಜಾಸ್ತಿ ಇರುವುದು ಅಲ್ಲೇ, ಕಣ್ಣಿಗೆ ಬೀಳದ ಸಂದಿಗಳಲ್ಲಿ. ಗೊಬ್ಬರದ ಗುಂಡಿಯ ನಡುಭಾಗ ಚೆನ್ನಾಗಿ ಬಿಸಿಯಾಗಿರುತ್ತದೆ, ಆ ಬಿಸಿಯಲ್ಲಿ ಹುಳ ಬದುಕುವುದಿಲ್ಲ. ಅದಕ್ಕೇ ಅವು ತಣ್ಣಗಿರುವ ಅಂಚಿನಲ್ಲಿ, ಮೇಲ್ಪದರದಲ್ಲಿ ಇರುತ್ತವೆ. ಮೂರು ನಾಲ್ಕು ದಿನಕ್ಕೊಮ್ಮೆ ಅಂಚಿನದನ್ನು ನಡುವಿಗೆ ಎಳೆದು ಹಾಕಿ, ಮೇಲೆ ಟಾರ್ಪಾಲು ಬಿಗಿಯಾಗಿ ಹೊದಿಸಿ ಸುತ್ತಲೂ ಕಲ್ಲು ಇಡಿ. ಬೇಸಿಗೆಯಾದರೆ ಸಗಣಿಯನ್ನು ತೆಳ್ಳಗೆ ಹರಡಿ ಒಣಗಿಸಿದರೂ ಸಾಕು. ಹಸಿ ಇಲ್ಲದೆ ಹುಳ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಆ ಮಾತೇ ಇಲ್ಲ ಅಲ್ವಾ, ಆಗ ಟಾರ್ಪಾಲೇ ಗತಿ. ಗೋಬರ್ ಗ್ಯಾಸ್ ಇದ್ದರೆ ಇನ್ನೂ ಒಳ್ಳೆಯದು. ಅದರಿಂದ ಹೊರಬರುವ ಬಗ್ಗಡಕ್ಕೆ ಹಸಿ ಸಗಣಿಯಷ್ಟು ನೊಣ ಮುತ್ತುವುದಿಲ್ಲ. ಹಲಸಿನ ಸಿಪ್ಪೆಯನ್ನು ಹಿತ್ತಲಲ್ಲಿ ಎಸೆದು ಬಿಡಬೇಡಿ, ಆವತ್ತೇ ದನಕ್ಕೆ ಹಾಕಿ, ಉಳಿದದ್ದನ್ನು ಗುಂಡಿಯಲ್ಲಿ ಹಾಕಿ ಮೇಲೆ ಒಂದು ಗೇಣು ಮಣ್ಣು ಮುಚ್ಚಿ ತುಳಿಯಿರಿ. ಕೋಳಿ ಸಾಕಿದ್ದರೆ ತಿಪ್ಪೆ ಕೆದಕಲು ಬಿಡಿ, ಹುಳ ಅಂದರೆ ಅವಕ್ಕೆ ಪ್ರಾಣ.

ಇಷ್ಟಾದ ಮೇಲೆ ಬಾಟಲಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗವನ್ನು ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಅದರೊಳಗೇ ಕೂರಿಸಿ ಅಂಚಿಗೆ ಟೇಪ್ ಸುತ್ತಿ. ತಳದಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಕೆಟ್ಟ ಹಾಲು, ಕೊಳೆತ ಬಾಳೆಹಣ್ಣು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಸೋಪು ಇದ್ದರೆ ನೊಣ ನೀರಿನ ಮೇಲೆ ನಿಲ್ಲಲಾರದೆ ಮುಳುಗುತ್ತದೆ. ಮೀನು ತಿನ್ನುವವರಾದರೆ ಮೀನು ತೊಳೆದ ನೀರಿಗಿಂತ ಒಳ್ಳೆಯ ಎರೆ ಇಲ್ಲ. ಬರೀ ಬೆಲ್ಲದ ನೀರು ಇಡಬೇಡಿ, ಜೇನು ಬಂದು ಬಿದ್ದು ಸಾಯುತ್ತವೆ, ಜೇನುಪೆಟ್ಟಿಗೆ ಇಟ್ಟವರಂತೂ ಖಂಡಿತ ಬೇಡ. ಬಾಟಲಿಯನ್ನು ಬಾಗಿಲ ಹತ್ತಿರ ತೂಗುಹಾಕಿದರೆ ಊರಿನ ನೊಣವನ್ನೆಲ್ಲ ಮನೆಗೆ ಕರೆದ ಹಾಗಾಗುತ್ತದೆ. ಕೊಟ್ಟಿಗೆಯ ಆಚೆ, ಮನೆಯಿಂದ ಇಪ್ಪತ್ತು ಮೂವತ್ತು ಅಡಿ ದೂರ ಇಡಿ. ವಾರ ತುಂಬುವ ಮೊದಲೇ ಖಾಲಿ ಮಾಡಿ ಹೂಳಬೇಕು, ಇಲ್ಲದಿದ್ದರೆ ಆ ಕೊಳೆತದ್ದರಲ್ಲೇ ಮೊಟ್ಟೆ ಇಟ್ಟು ಹುಳ ಮಾಡುತ್ತವೆ.

ಮನೆಯೊಳಗೆ ಮಗುವಿನ ತೊಟ್ಟಿಲಿಗೆ ಪರದೆ, ಊಟಕ್ಕೆ ಜಾಲರಿ ಮುಚ್ಚಳ. ನೊಣಕ್ಕೆ ಗಟ್ಟಿ ಪದಾರ್ಥ ಅಗಿಯಲು ಬಾಯಿಲ್ಲ, ಎಂಜಲು ಕಾರಿ ಕರಗಿಸಿ ಹೀರುತ್ತದೆ. ತಿಪ್ಪೆಯಿಂದ ಎದ್ದು ಬಂದು ಮಗುವಿನ ಬಟ್ಟಲಿನ ಮೇಲೆ ಅದನ್ನೇ ಮಾಡುತ್ತದೆ. ಭೇದಿ ಹರಡುವುದು ಹೀಗೇ, ಅದಕ್ಕೇ ಇಷ್ಟು ಉದ್ದ ಬರೆದೆ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಅಜ್ಜಿ ನನಗೆ ನೊಣ ಹೊಡೆಯುವ ಕೆಲಸ ಕೊಟ್ಟಿದ್ದಾರೆ. ಎಷ್ಟು ಜೋರಾಗಿ ಬೀಸಿದರೂ ತಪ್ಪಿಸಿಕೊಳ್ಳುತ್ತದೆ. ಯಾಕೆ? (ತುಮಕೂರು)

ಉತ್ತರ: ಒಳ್ಳೆಯ ಪ್ರಶ್ನೆ ಮರಿ. ಮೊದಲನೆಯದು ಕಣ್ಣು. ಬೇಗ ಬೇಗ ಮಿನುಗುವ ದೀಪವನ್ನು ಸೆಕೆಂಡಿಗೆ ಸುಮಾರು 60 ಮಿನುಗಿನ ತನಕ ನಾವು ಬೇರೆ ಬೇರೆಯಾಗಿ ಕಾಣಬಲ್ಲೆವು, ನೊಣ 250ರ ಹತ್ತಿರದ ತನಕ ಕಾಣುತ್ತದೆ. ಹಾಗಾಗಿ ನೀನು ಬೀಸಿದ್ದು ಅದಕ್ಕೆ ನಿಧಾನವಾಗಿ ಬರುವಂತೆ ತೋರುತ್ತದೆ. ಎರಡನೆಯದು ಕಾಲು. 2008ರಲ್ಲಿ ಅಮೆರಿಕದ ವಿಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನಲ್ಲಿ ಹಣ್ಣುನೊಣಗಳನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಅಪಾಯ ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾದ ಕೂಡಲೇ, ರೆಕ್ಕೆ ಬಿಚ್ಚುವ ಮೊದಲೇ, ಅದು ಕಾಲುಗಳನ್ನು ಸರಿಸಿಕೊಂಡು ಅದರ ವಿರುದ್ಧ ದಿಕ್ಕಿಗೆ ನೆಗೆಯಲು ಸಜ್ಜಾಗುತ್ತದೆ. ಹಾಗಾದರೆ ಎಲ್ಲಿ ಹೊಡೆಯಬೇಕು? ಅದು ಕೂತ ಜಾಗಕ್ಕಲ್ಲ, ಅದು ನೆಗೆಯುವ ಕಡೆಗೆ, ಸ್ವಲ್ಪ ಮುಂದೆ. ಬ್ಯಾಟನ್ನು ಮೆಲ್ಲಗೆ ಹತ್ತಿರ ತಂದು ಕೊನೆಯಲ್ಲಿ ಮಣಿಕಟ್ಟಿನಿಂದ ಮಾತ್ರ ಬೀಸು.

ಪುಸ್ತಕ, ಮಡಿಸಿದ ಪೇಪರ್ ಬೇಡ. ಅವು ಗಾಳಿಯನ್ನು ಮುಂದೆ ತಳ್ಳುತ್ತವೆ, ಆ ಗಾಳಿ ತಾಗಿದ ಕೂಡಲೇ ನೊಣಕ್ಕೆ ಸುಳಿವು ಸಿಗುತ್ತದೆ. ಬ್ಯಾಟಿನಲ್ಲಿ ತೂತು ಇರುವುದು ಅದಕ್ಕೇ. ತಂತಿ ಬಲೆಯ ಬ್ಯಾಟಿಗೆ 1900ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದಾರೆ, ಆಮೇಲೆ ಕ್ಯಾನ್ಸಸ್ ರಾಜ್ಯದ ಆರೋಗ್ಯಾಧಿಕಾರಿ ಡಾ. ಸ್ಯಾಮ್ಯುಯೆಲ್ ಕ್ರಂಬೈನ್ ನೊಣ ಹೊಡೆಯಿರಿ ಅಂತ ದೊಡ್ಡ ಪ್ರಚಾರವನ್ನೇ ಮಾಡಿದರು.

ಇನ್ನೊಂದು ಉಪಾಯ ರಾತ್ರಿಯದು. ಕತ್ತಲಾದ ಮೇಲೆ ನೊಣಗಳು ಸೂರಿನಲ್ಲಿ, ವೈರಿನ ಮೇಲೆ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಸುಮ್ನೆ ಕೂತಿರುತ್ತವೆ. ಅಗಲ ಬಾಯಿಯ ಲೋಟಕ್ಕೆ ಸೋಪಿನ ನೊರೆ ನೀರು ಹಾಕಿ ಕೋಲಿಗೆ ಕಟ್ಟಿ, ಸೂರಿನಲ್ಲಿರುವ ನೊಣದ ಕೆಳಗೆ ಮೆಲ್ಲಗೆ ಏರಿಸಿ ಹಿಡಿ. ಅದು ಹಾರಲು ಕೆಳಗಿಳಿಯುವಾಗ ನೇರ ನೊರೆಗೇ ಬೀಳುತ್ತದೆ. ಗೋಡೆಗೆ ಕಲೆಯೂ ಆಗುವುದಿಲ್ಲ. ವೈರು, ಸ್ವಿಚ್ಚಿನ ಹತ್ತಿರ ಮಾತ್ರ ನೀರು ಒಯ್ಯಬೇಡ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ ನಮ್ಮದು. ದೊಡ್ಡ ನೊಣ ಇಲ್ಲ, ಬಾಳೆಹಣ್ಣಿನ ಬುಟ್ಟಿ ಮತ್ತು ಸಿಂಕಿನ ಹತ್ತಿರ ಸಾಸಿವೆ ಗಾತ್ರದವು ಹಾರುತ್ತವೆ. ಬಾತ್‌ರೂಮಿನಲ್ಲಿ ಬೂದು ಬಣ್ಣದವು ಬೇರೆ.

ಉತ್ತರ: ಇವು ಎರಡು ಬೇರೆ ಬೇರೆ. ಹಣ್ಣಿನ ಹತ್ತಿರದ್ದು ಹಣ್ಣುನೊಣ. ಲೋಟದಲ್ಲಿ ಸ್ವಲ್ಪ ವಿನೆಗರ್, ಒಂದು ಚೂರು ಕಳಿತ ಬಾಳೆ, ಒಂದು ತೊಟ್ಟು ಸೋಪು ಹಾಕಿ, ಪೇಪರನ್ನು ಲಾಳಿಕೆಯಂತೆ ಸುತ್ತಿ ಚೂಪು ತುದಿಯಲ್ಲಿ ಸಣ್ಣ ತೂತು ಬಿಟ್ಟು ಲೋಟದ ಬಾಯಿಗೆ ಇಳಿಸಿ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಜೊತೆಗೆ ಹಸಿ ಕಸದ ಬಕೆಟ್ಟಿಗೆ ಮುಚ್ಚಳ, ದಿನಾ ಖಾಲಿ ಮಾಡಿ ತೊಳೆಯುವುದು, ಹಣ್ಣು ಫ್ರಿಜ್ಜಿಗೆ ಅಥವಾ ಜಾಲರಿ ಅಡಿಗೆ. ಈರುಳ್ಳಿ, ಆಲೂಗಡ್ಡೆ ಬುಟ್ಟಿಯ ತಳ ಒಮ್ಮೆ ನೋಡಿ, ಕೊಳೆತದ್ದು ಒಂದು ಅಲ್ಲೇ ಇರುತ್ತದೆ.

ಬಾತ್‌ರೂಮಿನದು ಚಿಟ್ಟೆಯಂಥ ರೋಮದ ರೆಕ್ಕೆಯದಾದರೆ ಅದು ಹುಟ್ಟುವುದು ಮೋರಿಯ ಪೈಪಿನೊಳಗಿನ ಲೋಳೆಯಲ್ಲಿ. ರಾತ್ರಿ ಜಾಲರಿಯ ಮೇಲೆ ಟೇಪನ್ನು ಅಂಟು ಕೆಳಮುಖವಾಗಿ, ಸ್ವಲ್ಪ ಸಂದಿ ಬಿಟ್ಟು ಅಂಟಿಸಿ. ಬೆಳಗ್ಗೆ ಅದರಲ್ಲಿ ನೊಣ ಸಿಕ್ಕಿದ್ದರೆ ಖಾತ್ರಿಯಾಯಿತು. ಬರೀ ಬಿಸಿನೀರು ಸುರಿದರೆ ಲೋಳೆ ಹೋಗುವುದಿಲ್ಲ, ಉದ್ದ ಹಿಡಿಯ ಬ್ರಷ್ಷಿನಿಂದ ಪೈಪಿನ ಒಳಗೋಡೆಯನ್ನು ಉಜ್ಜಬೇಕು.

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಹೋಟೆಲು. ಪ್ಲಾಸ್ಟಿಕ್ ಕವರಿನಲ್ಲಿ ನೀರು ತುಂಬಿ ಕಟ್ಟಿದ್ದೇವೆ, ಕರೆಂಟ್ ಬ್ಯಾಟೂ ಇದೆ. ಸರಿಯೇ?

ಉತ್ತರ: ನೀರಿನ ಕವರನ್ನು ಇಳಿಸಿಬಿಡಿ. ಪರೀಕ್ಷೆ ಮಾಡಿ ನೋಡಿದಲ್ಲಿ ಅದರಿಂದ ಪ್ರಯೋಜನ ಕಂಡಿಲ್ಲ. ಕರೆಂಟ್ ಬ್ಯಾಟನ್ನು ಅಡುಗೆಮನೆಯಲ್ಲಿ, ಊಟದ ಟೇಬಲ್ಲಿನ ಮೇಲೆ ದಯವಿಟ್ಟು ಬಳಸಬೇಡಿ. ನೊಣ ಚಟ್ ಅಂದಾಗ ಚೂರುಗಳು ಸಿಡಿಯುತ್ತವೆ, ಅದರ ಮೈಮೇಲಿದ್ದ ರೋಗಾಣುಗಳೂ ಜೊತೆಗೆ ಹಾರಿ ಇಡ್ಲಿ ಚಟ್ನಿಗೆ ಬೀಳುತ್ತವೆ. ಸಾದಾ ಫ್ಯಾನ್ ಇದಕ್ಕಿಂತ ಮೇಲು, ಜೋರು ಗಾಳಿಗೆ ಎದುರಾಗಿ ನೊಣ ಹಾರಲಾರದು. ಅಡುಗೆಮನೆ ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿದ ಜಾಲರಿ ಚೌಕಟ್ಟು ಮಾಡಿಸಿ, ಸೊಳ್ಳೆ ಜಾಲರಿಯೇ ಸಾಕು.

ಅಂಟು ಪಟ್ಟಿಯನ್ನು ಅಂಗಡಿಯಿಂದ ತರಬಹುದು, ಮನೆಯಲ್ಲೂ ಮಾಡಬಹುದು. ಗ್ರಂಥಿಗೆ ಅಂಗಡಿಯ ರಾಳ ಎರಡು ಪಾಲು, ಹರಳೆಣ್ಣೆ ಒಂದು ಪಾಲಿಗಿಂತ ತುಸು ಜಾಸ್ತಿ, ಹಳೇ ಡಬ್ಬಿಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ ದಪ್ಪ ಕಾಗದದ ಪಟ್ಟಿಗೆ ಸವರಿ. ರಾಳ ಬೇಗ ಬೆಂಕಿ ಹಿಡಿಯುತ್ತದೆ, ಉರಿ ಮೇಲಕ್ಕೇಳದಂತೆ ಹತ್ತಿರವೇ ನಿಂತಿರಿ. ಪಟ್ಟಿಯನ್ನು ಒಲೆ, ಎಲೆ ಹಾಕುವ ಜಾಗ ಬಿಟ್ಟು ಕೈ ತೊಳೆಯುವ ಕಡೆ ಇಳಿಬಿಡಿ. ನೇತಾಡುವ ದಾರದಂಥದ್ದರ ಮೇಲೆ ಕೂರುವುದು ನೊಣಕ್ಕೆ ರೂಢಿ. ಧೂಳು ಕೂತು ಅಂಟು ಹೋದರೆ ಬದಲಿಸಿ. ಮುಸುರೆ ಡ್ರಮ್ಮಿಗೆ ಮುಚ್ಚಳ ಇದೆಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಪ್ರಶ್ನೆ: ನಮ್ಮೂರ ಪಕ್ಕ ಕೋಳಿ ಫಾರಂ ಬಂದ ಮೇಲೆ ಊಟಕ್ಕೆ ಕೂರಲು ಆಗುತ್ತಿಲ್ಲ. ಬಾಟಲಿ ಇಟ್ಟರೆ ಸಾಕಾ? (ದಾವಣಗೆರೆ ಜಿಲ್ಲೆ)

ಉತ್ತರ: ಸಾಕಾಗುವುದಿಲ್ಲ. ಫಾರಮ್ಮಿನಲ್ಲಿ ಹುಟ್ಟುವ ನೊಣಕ್ಕೆ ನಿಮ್ಮ ಅಂಗಳದ ಬಾಟಲಿ ಸಾಲದು, ಬಾಗಿಲು ಕಿಟಕಿಗೆ ಜಾಲರಿ ಹಾಕಿಸಿ ಮನೆಯೊಳಗನ್ನಷ್ಟೇ ಕಾಪಾಡಿಕೊಳ್ಳಬಹುದು. ಸರಿ ಆಗಬೇಕಾದ್ದು ಅಲ್ಲಿ. ಕೋಳಿ ಹಿಕ್ಕೆ ಒಣಗಿದ್ದರೆ ಹುಳ ಬೆಳೆಯುವುದಿಲ್ಲ, ನೀರಿನ ಪೈಪು ಸೋರಿ ಹಿಕ್ಕೆ ಹಸಿಯಾದಾಗಲೇ ಹುಳ ಕಿಕ್ಕಿರಿಯುವುದು. ಸೋರಿಕೆ ನಿಲ್ಲಿಸಿ, ಹಿಕ್ಕೆಯನ್ನು ಒಣಗಿಸಿ ಮುಚ್ಚಿಡಿ ಅಂತ ಮಾಲೀಕರ ಹತ್ತಿರ ಊರಿನವರೆಲ್ಲ ಒಟ್ಟಿಗೆ ಹೋಗಿ ಕೇಳಿ. ಕೇಳದಿದ್ದರೆ ಗ್ರಾಮ ಪಂಚಾಯಿತಿಗೆ ಬರಹದಲ್ಲಿ ದೂರು ಕೊಟ್ಟು ಹಿಂಬರಹ ತೆಗೆದುಕೊಳ್ಳಿ, ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಹೋಗಲಿ. ಕೋಳಿ ಫಾರಂ ಹೇಗೆ ನಡೆಸಬೇಕು, ಮನೆಗಳಿಂದ ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಕೇಂದ್ರ ಮಂಡಳಿಯ ಮಾರ್ಗಸೂಚಿ ಇದೆ, ಅರ್ಜಿಯಲ್ಲಿ ಅದನ್ನು ಬರೆಯಿರಿ. ನೊಣ ಮುತ್ತಿದ ತಟ್ಟೆಯ ಫೋಟೋ ತಾರೀಖಿನ ಸಮೇತ ಲಗತ್ತಿಸಿ.